ಪರೀಕ್ಷೆಯಿಂದ ಪದವಿಗೆ: ಆಕ್ಚುಯೇರಿಯಲ್ ಶಿಕ್ಷಣ ನಡೆದು ಬಂದ ದಾರಿ

ಪಿಯುಸಿ ಮುಗಿಸಿ ಆಕ್ಚುಯೇರಿಯಲ್ ಪದವಿಗೆ ಸೇರಬಯಸುವವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಈ ಕೋರ್ಸ್ ಮಾಡಿದರೆ ವೃತ್ತಿಪರ ಪರೀಕ್ಷೆಯ ಎಷ್ಟು ಪೇಪರುಗಳಿಂದ ವಿನಾಯಿತಿ ಸಿಗುತ್ತದೆ ಎಂಬುದು. ಪ್ರಶ್ನೆ ಸಹಜವಾದದ್ದೇ. ಆಕ್ಚುಯರಿ ಆಗಲು ಬರೆಯಬೇಕಾದ ಪರೀಕ್ಷೆಗಳು ಕಠಿಣ, ಮುಗಿಸಲು ಹಲವು ವರ್ಷ ಬೇಕು. ಒಂದು ಪೇಪರು ಕಡಿಮೆಯಾದರೂ ಹಣವೂ ಸಮಯವೂ ಉಳಿಯುತ್ತವೆ. ಆದರೆ ಈ ಶಿಕ್ಷಣ ಬೆಳೆದು ಬಂದ ಬಗೆಯನ್ನು ನೋಡಿದರೆ, ಪದವಿಯ ನಿಜವಾದ ಬೆಲೆಯನ್ನು ವಿನಾಯಿತಿಯ ಪಟ್ಟಿಯಲ್ಲಿ ಹುಡುಕುವುದು ತಪ್ಪೆಂದೇ ನನ್ನ ಎಣಿಕೆ. ಸಾವು, ಕಾಯಿಲೆ, ಬೆಳೆನಷ್ಟ, ಪಿಂಚಣಿಗಳ ಕುರಿತು ದಶಕಗಳಾಚೆಗೆ ಈಡೇರಬೇಕಾದ ಭರವಸೆಗೆ ಇಂದೇ ಬೆಲೆ ಕಟ್ಟುವುದು ಆಕ್ಚುಯರಿಯ ಕೆಲಸ. ಹಾಗೆ ಕಟ್ಟಿದ ಬೆಲೆಯ ಹಿಂದೆ ಯಾವ ಊಹೆಗಳಿವೆ, ಅವು ಎಲ್ಲಿ ಕೈಕೊಡಬಹುದು, ಕೈಕೊಟ್ಟರೆ ಯಾರು ನಷ್ಟ ಹೊರುತ್ತಾರೆ ಎಂದು ಕೇಳುವ ಅಭ್ಯಾಸ ಅವರಿಗೆ ಬೇಕು. ಪದವಿ ಕೊಡಬೇಕಾದದ್ದು ಆ ಅಭ್ಯಾಸವನ್ನು.

ಈ ವಿದ್ಯೆ ಹುಟ್ಟಿದ್ದು ತರಗತಿಯಲ್ಲಲ್ಲ. ಬ್ರೆಸ್ಲಾವ್ ನಗರದ ಜನನ ಮರಣಗಳ ದಾಖಲೆ ಇಟ್ಟುಕೊಂಡು ಖಗೋಳಜ್ಞ ಎಡ್ಮಂಡ್ ಹ್ಯಾಲಿ 1693ರಲ್ಲಿ ಮರಣಪಟ್ಟಿಯೊಂದನ್ನು ಸಿದ್ಧಪಡಿಸಿ, ಜೀವಾವಧಿ ವರ್ಷಾಶನಕ್ಕೆ ವಯಸ್ಸಿನ ಪ್ರಕಾರ ಬೆಲೆ ಕಟ್ಟುವುದು ಹೇಗೆಂದು ತೋರಿಸಿದ. ವಯಸ್ಸು ಹೆಚ್ಚಾಯಿತೆಂದು ಅಂದಿನ ವಿಮಾ ಸಂಘವೊಂದು ಸೇರಿಸಿಕೊಳ್ಳದ ಗಣಿತ ಶಿಕ್ಷಕ ಜೇಮ್ಸ್ ಡಾಡ್ಸನ್, ವರ್ಷಗಳುದ್ದಕ್ಕೂ ಒಂದೇ ಸಮನಾದ ಕಂತಿನ ಲೆಕ್ಕವನ್ನು ರೂಪಿಸಿದ. ಅವನು ತೀರಿಕೊಂಡ ಮೇಲೆ, 1762ರಲ್ಲಿ, ಅದೇ ಲೆಕ್ಕದ ಆಧಾರದ ಮೇಲೆ ಲಂಡನ್ನಿನಲ್ಲಿ ಈಕ್ವಿಟಬಲ್ ಸೊಸೈಟಿ ಶುರುವಾಯಿತು. ಆ ಸಂಸ್ಥೆಗೆ ಸಲಹೆ ಕೊಟ್ಟ ರಿಚರ್ಡ್ ಪ್ರೈಸ್ ಪಾದ್ರಿ. ದಶಕಗಳ ಕಾಲ ಅದರ ಆಕ್ಚುಯರಿಯಾಗಿದ್ದ ವಿಲಿಯಂ ಮಾರ್ಗನ್ ವೈದ್ಯಕೀಯ ಕಲಿತವನು. ವಯಸ್ಸಿನೊಂದಿಗೆ ಸಾವಿನ ಸಂಭವ ಏರುವ ಬಗೆಯನ್ನು 1825ರಲ್ಲಿ ಸೂತ್ರವಾಗಿಸಿದ ಬೆಂಜಮಿನ್ ಗೊಂಪರ್ಟ್ಸ್ ಯೆಹೂದಿಯಾಗಿದ್ದ ಕಾರಣ ವಿಶ್ವವಿದ್ಯಾಲಯದ ಬಾಗಿಲು ಅವನಿಗೆ ಮುಚ್ಚಿತ್ತು, ಕಲಿತದ್ದೆಲ್ಲ ಸ್ವಂತ ಓದಿನಿಂದ. 1848ರಲ್ಲಿ ಲಂಡನ್ನಿನಲ್ಲೂ 1856ರಲ್ಲಿ ಎಡಿನ್‌ಬರೋದಲ್ಲೂ ವೃತ್ತಿಸಂಘಗಳು ಹುಟ್ಟಿ ಪರೀಕ್ಷೆಗಳನ್ನು ನಡೆಸತೊಡಗಿದಾಗ, ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಓದುವ ಪದ್ಧತಿ ಗಟ್ಟಿಯಾಯಿತು. ಭಾರತಕ್ಕೂ ಬಂದದ್ದು ಅದೇ. ಕಂತಿನ ಪಟ್ಟಿಗಳನ್ನು ಆಕ್ಚುಯರಿ ದೃಢೀಕರಿಸಬೇಕೆಂದು 1912ರ ಜೀವವಿಮಾ ಕಾಯ್ದೆ ಹೇಳಿತು; ಅಂಥ ಅರ್ಹತೆಗಾಗಿ ಭಾರತೀಯರು ನೋಡಬೇಕಾಗಿದ್ದದ್ದು ಬ್ರಿಟನ್ನಿನ ಪರೀಕ್ಷೆಗಳತ್ತ. 1944ರಲ್ಲಿ ಇಲ್ಲಿಯೇ ಆಕ್ಚುಯೇರಿಯಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತಾದರೂ ಸ್ವಂತ ಪರೀಕ್ಷೆಗಳಿಗೆ ಇನ್ನೂ ನಾಲ್ಕು ದಶಕ ಕಾಯಬೇಕಾಯಿತು. 2006ರ ಆಕ್ಚುಯರಿಗಳ ಕಾಯ್ದೆಯಿಂದ ಅದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ಎಂಬ ಶಾಸನಬದ್ಧ ಸಂಸ್ಥೆಯಾಯಿತು.

ಯುರೋಪಿನ ಬೇರೆ ದೇಶಗಳು ಇನ್ನೊಂದು ದಾರಿ ಹಿಡಿದಿದ್ದವು. ಗೋಟಿಂಗನ್ ವಿಶ್ವವಿದ್ಯಾಲಯದಲ್ಲಿ 1895ರಲ್ಲೇ ವಿಮಾ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗ ಬಂತು. ಸ್ವೀಡನ್ನಿನ ಫಿಲಿಪ್ ಲುಂಡ್‌ಬೆರಿ 1903ರ ತನ್ನ ಪ್ರಬಂಧದಲ್ಲಿ ಒಬ್ಬೊಬ್ಬ ಪಾಲಿಸಿದಾರನನ್ನು ಬಿಟ್ಟು ಇಡೀ ಕಂಪನಿಯ ಅಪಾಯವನ್ನೇ ಒಂದು ಪ್ರವಾಹವಾಗಿ ಕಂಡ. ಕಂಪನಿ ದಿವಾಳಿಯಾಗುವ ಸಂಭವವೆಷ್ಟು ಎಂಬುದು ಅವನ ಪ್ರಶ್ನೆಯಾಗಿತ್ತು. 1929ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಮಾಗಣಿತದ ಪ್ರಾಧ್ಯಾಪಕನಾದ ಹರಾಲ್ಡ್ ಕ್ರಾಮೆರ್ ಆ ವಿಚಾರಕ್ಕೆ ಗಟ್ಟಿ ಗಣಿತದ ತಳಹದಿ ಹಾಕಿದ. ದಿನದ ಕೆಲಸ ಮುಗಿಸುವ ಆತುರದಲ್ಲಿರುವ ಕಚೇರಿಯಲ್ಲಿ ಇಂಥ ಪ್ರಶ್ನೆಯ ಬೆನ್ನು ಹತ್ತಿ ಇಪ್ಪತ್ತು ಮೂವತ್ತು ವರ್ಷ ಹೋಗಲು ಆಗುವುದಿಲ್ಲ.

ಎರಡು ದಾರಿಗಳನ್ನೂ ಕೂಡಿಸಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆಸ್ಟ್ರೇಲಿಯಾದ ಪ್ರಯತ್ನ. 1960ರ ದಶಕದ ಕೊನೆಯಲ್ಲಿ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ, ವಿಮಾ ಕಂಪನಿಯ ಅನುಭವವಿದ್ದ ಆಲ್ಫ್ ಪೊಲಾರ್ಡ್ ಅವರ ಮುಂದಾಳತ್ವದಲ್ಲಿ, ಆಕ್ಚುಯೇರಿಯಲ್ ಪದವಿ ರೂಪುಗೊಂಡಿತು. ಆಮೇಲೆ ಮೆಲ್ಬರ್ನ್, ಕ್ಯಾನ್ಬೆರಾಗಳಲ್ಲೂ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲೂ ಅಂಥ ಕೋರ್ಸುಗಳು ಬಂದವು. ಪದವಿಯಲ್ಲಿ ನಿಗದಿತ ಮಟ್ಟದ ಅಂಕ ಪಡೆದವರಿಗೆ ವೃತ್ತಿಸಂಘ ಆರಂಭದ ಪೇಪರುಗಳಿಂದ ವಿನಾಯಿತಿ ಕೊಟ್ಟಿತು. ಅಲ್ಲಿಗೇ ನಿಂತಿದ್ದರೆ ಇದನ್ನು ವಿಶೇಷವೆನ್ನಲು ಕಾರಣವಿರಲಿಲ್ಲ. 1990ರ ದಶಕದಲ್ಲಿ ಆಸ್ಟ್ರೇಲಿಯನ್ನರು ನಿಯಂತ್ರಣ ಚಕ್ರ ಎಂಬ ವಿಷಯವನ್ನು ಬೋಧನೆಯ ನಡುವೆ ತಂದಿಟ್ಟರು. ಕಲ್ಪನೆ ಬ್ರಿಟನ್ನಿನ ಜೆರೆಮಿ ಗೋಫರ್ಡ್ 1985ರಲ್ಲಿ ಮಂಡಿಸಿದ್ದು. ಸಮಸ್ಯೆಯನ್ನು ಗುರುತಿಸು, ಪರಿಹಾರವನ್ನು ರೂಪಿಸು, ಆಮೇಲೆ ಏನಾಯಿತೆಂದು ಗಮನಿಸಿ ಮೊದಲಿನ ಊಹೆಗಳನ್ನು ತಿದ್ದು: ಸರಳವಾಗಿ ಅಷ್ಟೇ. ಆದರೆ ಅದು ಪಾಠದ ಸ್ವರೂಪವನ್ನೇ ಬದಲಿಸಿತು. ಜೀವವಿಮೆಗೊಂದು, ಪಿಂಚಣಿಗೊಂದು, ವಾಹನ ವಿಮೆಗೊಂದು ಎಂದು ಬಿಡಿಬಿಡಿಯಾಗಿ ಸೂತ್ರ ಕಲಿಯುತ್ತಿದ್ದ ವಿದ್ಯಾರ್ಥಿ, ಉತ್ತರ ಒಂದೇ ಎಂದಿಲ್ಲದ ಪ್ರಕರಣಗಳನ್ನು ಎದುರಿಸಿ, ತನ್ನ ಆಯ್ಕೆಯನ್ನು ಬರಹದಲ್ಲಿ ಸಮರ್ಥಿಸಬೇಕಾಯಿತು.

ಇದರ ಅಗತ್ಯವೇನೆಂದು ತೋರಿಸಿದ್ದು ಎರಡು ದೊಡ್ಡ ಪತನಗಳು. 1762ರ ಆ ಈಕ್ವಿಟಬಲ್ ಸಂಸ್ಥೆಯೇ ತನ್ನ ಪಾಲಿಸಿದಾರರಲ್ಲಿ ಹಲವರಿಗೆ ಪಿಂಚಣಿಯ ಕನಿಷ್ಠ ದರದ ಖಾತರಿ ಕೊಟ್ಟಿತ್ತು. ಬಡ್ಡಿದರ ಇಳಿಯಿತು, ಜನರ ಆಯಸ್ಸು ಹೆಚ್ಚಿತು, ಖಾತರಿ ಹೊರಲಾರದ ಭಾರವಾಯಿತು. 2000ದಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಪೀಠ ಆ ಖಾತರಿಯನ್ನು ಮೊಟಕು ಮಾಡುವಂತಿಲ್ಲ ಎಂದ ಮೇಲೆ ಅದೇ ವರ್ಷ ಡಿಸೆಂಬರಿನಲ್ಲಿ ಸಂಸ್ಥೆ ಹೊಸ ವ್ಯವಹಾರ ನಿಲ್ಲಿಸಿತು. ಮರುವರ್ಷ ಆಸ್ಟ್ರೇಲಿಯಾದ ಎಚ್‌ಐಎಚ್ ವಿಮಾ ಕಂಪನಿ ಕುಸಿಯಿತು. ಮುಂದೆ ಬರಬಹುದಾದ ಪರಿಹಾರದ ಬೇಡಿಕೆಗಳಿಗೆ ಸಾಕಷ್ಟು ಹಣ ತೆಗೆದಿಡದಿದ್ದದ್ದೇ ಮುಖ್ಯ ಕಾರಣವೆಂದು ರಾಯಲ್ ಕಮಿಷನ್ 2003ರಲ್ಲಿ ವರದಿ ಕೊಟ್ಟಿತು. ಆ ಕಂಪನಿ ನಂಬಿಕೊಂಡಿದ್ದದ್ದು ಮಧ್ಯಮ ಅಂದಾಜನ್ನು. ಅದರ ಮೇಲೆ ಎಚ್ಚರಿಕೆಯ ಮೊತ್ತವನ್ನು ಸೇರಿಸಿರಲಿಲ್ಲ. ಮಧ್ಯಮ ಅಂದಾಜು ಎಂದರೆ ನಿಜವಾದ ಮೊತ್ತ ಅದನ್ನು ಮೀರುವ ಸಂಭವ ಹೆಚ್ಚುಕಡಿಮೆ ಅರ್ಧದಷ್ಟಿದೆ ಎಂದೇ ಅರ್ಥ. ಎರಡೂ ಕಡೆ ಕೂಡುವ ಕಳೆಯುವ ಲೆಕ್ಕ ತಪ್ಪಿರಲಿಲ್ಲ. ಸಂಖ್ಯೆ ಏನನ್ನು ಹೇಳುತ್ತಿಲ್ಲ ಎಂಬುದನ್ನು ನಿರ್ದೇಶಕ ಮಂಡಳಿಗೆ ಮನದಟ್ಟಾಗುವಂತೆ ಹೇಳುವುದರಲ್ಲಿ, ಕೇಳಿಸಿಕೊಳ್ಳುವುದರಲ್ಲಿ ಕೊರತೆಯಿತ್ತು. ಪದವಿ ಕೋರ್ಸುಗಳಿದ್ದ ದೇಶದಲ್ಲೇ ಎಚ್‌ಐಎಚ್ ಬಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಪದವಿ ಒಂದೇ ಕುಸಿತವನ್ನು ತಡೆಯುವುದಿಲ್ಲ. ಅಲ್ಲಿ ಸಾಮಾನ್ಯ ವಿಮಾ ಕಂಪನಿಗಳಿಗೆ ಮಾನ್ಯತೆ ಪಡೆದ ಆಕ್ಚುಯರಿಯ ಸಲಹೆ ಕಡ್ಡಾಯವಾದದ್ದು 2002ರಲ್ಲಿ. ಆದರೆ ಕಾನೂನು ಕೊಟ್ಟ ಆ ಕುರ್ಚಿಯಲ್ಲಿ ಕೂತವರಿಗೆ ನಿಷ್ಠುರವಾಗಿ ಮಾತಾಡಲು ಬರಬೇಕಲ್ಲ! ಈಕ್ವಿಟಬಲ್ ಪ್ರಕರಣದ ನಂತರ ಬ್ರಿಟನ್ನಿನಲ್ಲಿ ನಡೆದ, 2005ರಲ್ಲಿ ಮುಗಿದ ಮಾರಿಸ್ ಪರಿಶೀಲನೆಯೂ ಈ ವೃತ್ತಿ ತನ್ನೊಳಗೇ ಮುಚ್ಚಿಕೊಂಡಿದೆ ಎಂದು ಟೀಕಿಸಿತು.

ಪದವಿಯ ವಿರುದ್ಧ ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಗೊಂಪರ್ಟ್ಸ್‌ನಂಥವರಿಗೆ ಬಾಗಿಲು ಮುಚ್ಚಿದ್ದು ವಿಶ್ವವಿದ್ಯಾಲಯವೇ. ಹಣವಿಲ್ಲದ ಗುಮಾಸ್ತನಿಗೂ ತೆರೆದಿದ್ದದ್ದು ಪರೀಕ್ಷೆ. ಇಂದೂ ಪಿಯುಸಿ ಮುಗಿಸಿದವರು ಎಸಿಇಟಿ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬೇರೆ ಯಾವುದೇ ಪದವಿ ಓದುತ್ತಲೇ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದ ಪೇಪರುಗಳನ್ನು ಬರೆಯಬಹುದು. ಆ ಬಾಗಿಲು ಎಂದಿಗೂ ಮುಚ್ಚಬಾರದು. ಆದರೆ ಒಂಟಿಯಾಗಿ ಓದುವವರು ಕೋಚಿಂಗ್ ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆಗಳ ಆಚೆ ಹೋಗುವುದು ಕಷ್ಟ. ಹದಿನೇಳರ ವಯಸ್ಸಿಗೆ ಇಷ್ಟು ಕಿರಿದಾದ ವಿಷಯ ಯಾಕೆ, ಗಣಿತವೋ ಸಂಖ್ಯಾಶಾಸ್ತ್ರವೋ ಓದಿದರೆ ಸಾಲದೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದನ್ನು ಅರ್ಧ ಒಪ್ಪುತ್ತೇನೆ. ಆಸ್ಟ್ರೇಲಿಯಾದ ಅನೇಕ ವಿದ್ಯಾರ್ಥಿಗಳು ಆಕ್ಚುಯೇರಿಯಲ್ ಪದವಿಯ ಜೊತೆಗೆ ವಾಣಿಜ್ಯ ಅಥವಾ ಕಾನೂನು ಪದವಿಯನ್ನೂ ಸೇರಿಸಿ ಓದುವುದು ಅದಕ್ಕೇ. ಅರ್ಥಶಾಸ್ತ್ರ, ಕಾನೂನು, ಬರವಣಿಗೆಗಳಿಗೆ ಜಾಗವಿಲ್ಲದ, ಪೇಪರುಗಳ ಹೆಸರನ್ನೇ ಸೆಮಿಸ್ಟರ್‌ಗಳಿಗೆ ಹಂಚಿದ ಕೋರ್ಸಿಗಿಂತ ಒಳ್ಳೆಯ ಸಂಖ್ಯಾಶಾಸ್ತ್ರ ವಿಭಾಗವೇ ಮೇಲು. ಇನ್ನು ಕಂಪ್ಯೂಟರು ಈ ಕೆಲಸವನ್ನು ನುಂಗಿಹಾಕುತ್ತದೆ ಎಂಬ ಭಯ. ಜರ್ಮನಿಯ ಟೆಟೆನ್ಸ್ 1785ರಲ್ಲಿ ರೂಪಿಸಿದ, ಕೈಲೆಕ್ಕವನ್ನು ಹಗುರ ಮಾಡಿದ ಕೋಷ್ಟಕಗಳನ್ನು ಸುಮಾರು ಎರಡು ಶತಮಾನ ಕಾಲ ಎಲ್ಲರೂ ಬಳಸಿದರು. ಯಂತ್ರ ಬಂದ ಮೇಲೆ ಅವು ಹಿನ್ನೆಲೆಗೆ ಸರಿದವು. ಯಾವ ಮರಣದರ ಹಿಡಿಯಬೇಕು, ಬಡ್ಡಿ ಎಷ್ಟೆಂದು ಊಹಿಸಬೇಕು ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಭಾರತದಲ್ಲಿ 2019ರಿಂದ ಜಾರಿಗೆ ಬಂದ ಪಠ್ಯಕ್ರಮ ಆರ್ ಭಾಷೆಯಲ್ಲಿ ಕಂಪ್ಯೂಟರಿನ ಮೇಲೆ ಉತ್ತರಿಸುವುದನ್ನೂ ಪರೀಕ್ಷಿಸುತ್ತದೆ. ಅದು ಸರಿಯಾದ ಹೆಜ್ಜೆ. ಆದರೆ ಯಂತ್ರ ಕೊಟ್ಟ ಫಲಿತಾಂಶವನ್ನು ಅನುಮಾನಿಸುವುದನ್ನು ಮೇಷ್ಟರೊಬ್ಬರು ಎದುರಿಗೆ ಕೂತು ಕಲಿಸಬೇಕಾಗುತ್ತದೆ.

ನಮ್ಮಲ್ಲಿ ಈಚಿನ ವರ್ಷಗಳಲ್ಲಿ ಶುರುವಾದ ಕೋರ್ಸುಗಳು ಹೆಚ್ಚಾಗಿ ಖಾಸಗಿ ವಿಮಾ ಕಂಪನಿಗಳ, ಬೆಂಗಳೂರು, ಗುರುಗ್ರಾಮಗಳಲ್ಲಿ ಕೂತು ಹೊರದೇಶದ ಲೆಕ್ಕ ಮಾಡಿಕೊಡುವ ಕಚೇರಿಗಳ ಬೇಡಿಕೆಯನ್ನು ನೋಡಿ ಹುಟ್ಟಿದವು. ಆ ನೌಕರಿಗಳು ಬೇಕು. ಆದರೆ ಕರ್ನಾಟಕದೊಳಗೇ ಆಕ್ಚುಯರಿಯ ಕಣ್ಣಿಗೆ ಕಾದಿರುವ ಕೆಲಸ ಎಷ್ಟೊಂದು! ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಆರಂಭವಾದ ಸರ್ಕಾರಿ ವಿಮೆ ಇಂದು ಕೆಜಿಐಡಿ ಹೆಸರಿನಲ್ಲಿ ಮುಂದುವರಿದಿದೆ. 2006ರ ಏಪ್ರಿಲ್‌ನಿಂದ ಈಚೆಗೆ ಕೆಲಸಕ್ಕೆ ಸೇರಿದ ರಾಜ್ಯ ನೌಕರರ ಪಿಂಚಣಿ ಹಳೆಯದಾಗಿರಬೇಕೇ ಹೊಸದಾಗಿರಬೇಕೇ ಎಂಬ ವಾದ ನಿಂತಿಲ್ಲ. ಎರಡು ಕಡೆಯ ಘೋಷಣೆಗಳು ಕೇಳಿಸುವಷ್ಟು ಮುಂದಿನ ನಲವತ್ತು ವರ್ಷದ ವೆಚ್ಚದ ಲೆಕ್ಕ ಕೇಳಿಸುವುದಿಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ರೈತರು ಮುಂಗಾರಿನ ಆಹಾರ ಬೆಳೆಗಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5 ಕಂತು ಕಟ್ಟುತ್ತಾರೆ; ಉಳಿದದ್ದು ಸರ್ಕಾರಗಳದ್ದು. ಪೂರ್ತಿ ಕಂತು ಎಷ್ಟಿರಬೇಕೆಂಬುದು ಇಳುವರಿಯ ಅಂಕಿಅಂಶಗಳನ್ನು ಅವಲಂಬಿಸಿದೆ, ಆ ಅಂಕಿಅಂಶಗಳು ಬೆಳೆ ಕಟಾವು ಪ್ರಯೋಗಗಳಿಂದ ಬರುತ್ತವೆ. ಒಂದು ಗ್ರಾಮ ಪಂಚಾಯಿತಿಯ ಕೆಲವೇ ಹೊಲಗಳ ಅಳತೆ ಇಡೀ ಪಂಚಾಯಿತಿಯ ಇಳುವರಿಯನ್ನು ಎಷ್ಟು ನಿಖರವಾಗಿ ಹೇಳುತ್ತದೆ, ತಪ್ಪಾದರೆ ಪರಿಹಾರ ಸಿಗದೆ ಹೋಗುವವರು ಯಾರು ಎಂಬುದು ಮೂರನೆಯ ವರ್ಷದ ವಿದ್ಯಾರ್ಥಿ ಕೈಗೆತ್ತಿಕೊಳ್ಳಬಹುದಾದ, ಪ್ರಾಧ್ಯಾಪಕರೂ ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ. ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಹೆಸರು, ವಿಳಾಸ ತೆಗೆದ ದಾಖಲೆಗಳನ್ನು ಕೆಜಿಐಡಿಯೂ ಕೃಷಿ ಇಲಾಖೆಯೂ ಅವುಗಳಿಗೆ ಒದಗಿಸಿದರೆ, ಹೊಸ ಕಟ್ಟಡವಾಗಲಿ ದುಬಾರಿ ಶುಲ್ಕವಾಗಲಿ ಇಲ್ಲದೆ, ಇರುವ ಬಿ.ಎಸ್ಸಿ. ಪದವಿಯೊಳಗೇ ಆಕ್ಚುಯೇರಿಯಲ್ ಅಧ್ಯಯನವನ್ನು ಆರಂಭಿಸಬಹುದು.