ಪದ ಪರಿಚಯ: ಪರಂಗಿ

‘ಪರಂಗಿಯವರು’ ಎಂದಾಗ ಪರದೇಶದ ‘ಪರ’ ಕಿವಿಗೆ ತಟ್ಟುತ್ತದೆ. ಮೂಲ ಅದಲ್ಲ, ‘ಫ್ರಾಂಕ್’. ಫ್ರಾಂಕ್ ಎಂಬುದು ಯುರೋಪಿನ ಒಂದು ಜರ್ಮಾನಿಕ್ ಬುಡಕಟ್ಟಿನ ಹೆಸರು. 1099ರಲ್ಲಿ ಜೆರುಸಲೇಮನ್ನು ರಕ್ತದಲ್ಲಿ ಅದ್ದಿದ ಕ್ರುಸೇಡ್ ಎಂಬ ಕ್ರೈಸ್ತ ಧರ್ಮಯುದ್ಧದ ಸೈನಿಕರು ಯಾವ ನಾಡಿನವರಾದರೂ ಅರಬರಿಗೆ ‘ಇಫ್ರಂಜ್’ಗಳೇ. ಪಾರಸಿಯಲ್ಲಿ ಅದು ‘ಫರಂಗಿ’.

1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರಿಗೂ ಇದೇ ಹೆಸರು ಅಂಟಿತು. ಅವರ ತೋಪು ಹುಟ್ಟಿಸಿದ ಭಯ, ಬೆರಗು ಎರಡೂ ಕನ್ನಡದ ‘ಫಿರಂಗಿ’ಯಲ್ಲಿ ಉಳಿದಿವೆ, ಜನರ ಹೆಸರೇ ಆಯುಧದ ಹೆಸರಾಯಿತು! ‘ಭಾವಪ್ರಕಾಶ’ ಬರೆದ ವೈದ್ಯ ಭಾವಮಿಶ್ರ 16ನೇ ಶತಮಾನದಲ್ಲಿ ಸಿಫಿಲಿಸ್ಸನ್ನು ‘ಫಿರಂಗ ರೋಗ’ ಎಂದು ಕರೆದ. ಪೋರ್ಚುಗೀಸರ ಮೇಲಿನ ಸಿಟ್ಟಿಗೆ ಗಟ್ಟಿ ಕಾರಣವೂ ಇತ್ತು: ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಇಲ್ಲದ ವ್ಯಾಪಾರಿ ಹಡಗನ್ನು ಅವರು ನಡುಗಡಲಲ್ಲೇ ಸರಕಿನ ಸಮೇತ ವಶಪಡಿಸಿಕೊಳ್ಳುತ್ತಿದ್ದರು. ಎಲ್ಲರದೂ ಆಗಿದ್ದ ಸಮುದ್ರಕ್ಕೆ ಸುಂಕ ಕೇಳಿದವರನ್ನು ಯಾರು ತಾನೆ ಮೆಚ್ಚುತ್ತಾರೆ?

ಆದರೂ ಅಮೆರಿಕ ಖಂಡದಿಂದ ಅವರ ಮೂಲಕ ಬಂದ ಹಣ್ಣನ್ನು ನಮ್ಮವರು ಹಿತ್ತಲಲ್ಲಿ ಬೆಳೆಸಿ ‘ಪರಂಗಿ ಹಣ್ಣು’ ಎಂದರು. ತಮಿಳರಿಗೆ ‘ಪರಂಗಿಕ್ಕಾಯ್’ ಎಂದರೆ ಸಿಹಿಗುಂಬಳ.

ಥಾಯ್ ಭಾಷೆಯ ‘ಫರಾಂಗ್’ಗೆ ಬಿಳಿಯ, ಸೀಬೆಹಣ್ಣು ಎಂಬ ಎರಡರ್ಥ. ಇಥಿಯೋಪಿಯಾದಲ್ಲಿ ವಿದೇಶಿಯರನ್ನು ಇಂದಿಗೂ ‘ಫೆರೆಂಜ್’ ಎನ್ನುತ್ತಾರೆ. ಕನ್ನಡದಲ್ಲಿ ಬ್ರಿಟಿಷರೂ ಪರಂಗಿಯವರೇ ಆಗಿದ್ದರು. ಈಗ ಈ ಮಾತು ಹೆಚ್ಚಾಗಿ ಕೇಳಿಸುವುದು ಹಣ್ಣಿನ ಅಂಗಡಿಯಲ್ಲಿ.