ಕೈಲಾಸ ಯಾತ್ರೆ: ಬಯಲುಸೀಮೆಯವರು ತಿಳಿದಿರಬೇಕಾದ ಎತ್ತರದ ಲೆಕ್ಕ

ಕುಣಿಗಲ್ ತಾಲ್ಲೂಕಿನ ಯಡಿಯೂರು ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಕ್ಷೇತ್ರ. ಇಲ್ಲಿಗೆ ನಡೆದುಕೊಳ್ಳುವ ಶಿವಭಕ್ತರಿಗೆ ಕೈಲಾಸ ದರ್ಶನ ಜೀವಮಾನದ ಹಂಬಲ. ಆದರೆ ಸುಮಾರು 800 ಮೀಟರ್ ಎತ್ತರದ ಈ ನೆಲದಿಂದ ಹೊರಟವರಿಗೆ ಮೊದಲ ಪರೀಕ್ಷೆ ಎತ್ತರದ್ದೇ. ಮಾನಸ ಸರೋವರ ಸುಮಾರು 4,590 ಮೀಟರ್ ಎತ್ತರದಲ್ಲಿದೆ. ಪರಿಕ್ರಮದ ತುದಿಯಾದ ಡೋಲ್ಮಾ ಲಾ 5,600 ಮೀಟರಿಗೂ ಮಿಗಿಲು; ಅಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ.

ಮಾರ್ಗ: ವಿದೇಶಾಂಗ ಸಚಿವಾಲಯವು 1981ರಿಂದ ಲಿಪುಲೇಖ್ ಮೂಲಕ, 2015ರಿಂದ ನಾಥೂ ಲಾ ಮೂಲಕವೂ ಯಾತ್ರೆ ಏರ್ಪಡಿಸುತ್ತಿದೆ. 2020ರಿಂದ ಐದು ವರ್ಷ ನಿಂತಿದ್ದ ಯಾತ್ರೆ 2025ರಲ್ಲಿ 750 ಮಂದಿಗೆ ಅವಕಾಶದೊಂದಿಗೆ ಪುನರಾರಂಭವಾಯಿತು. ಶಿಖರವನ್ನು ಏರುವಂತಿಲ್ಲ, ಸುಮಾರು 52 ಕಿ.ಮೀ. ಪ್ರದಕ್ಷಿಣೆಗೆ ಸಾಮಾನ್ಯವಾಗಿ ಮೂರು ದಿನ ಬೇಕು.

ಅರ್ಹತೆ: ವಯಸ್ಸು 18ರಿಂದ 70. ಆಯ್ಕೆಯಾದವರಿಗೆ ದೆಹಲಿಯಲ್ಲಿಯೂ, ಮಾರ್ಗಮಧ್ಯದಲ್ಲಿ ಮತ್ತೊಮ್ಮೆಯೂ ವೈದ್ಯಕೀಯ ತಪಾಸಣೆ ನಡೆಯುತ್ತದೆ.

ಸಿದ್ಧತೆ: ಸಮೀಪದ ಶಿವಗಂಗೆ ಬೆಟ್ಟ (1,368 ಮೀಟರ್) ಹತ್ತಿ ಅಭ್ಯಾಸ ಮಾಡಿದರೆ ಕಾಲು ಬಲಿಯುತ್ತದೆ, ಹೃದಯಕ್ಕೂ ಒಳಿತು. ತೆಳುಗಾಳಿಗೆ ಒಗ್ಗುವುದು ಮಾತ್ರ ಹಿಮಾಲಯದಲ್ಲಿ ಹಂತಹಂತವಾಗಿ ಏರಿ, ತಂಗಿದಾಗಲೇ.

ಅಪಾಯ: 1998ರ ಆಗಸ್ಟ್‌ನಲ್ಲಿ ಮಾಲ್ಪಾದಲ್ಲಿ ಗುಡ್ಡ ಕುಸಿದು ಸುಮಾರು 60 ಯಾತ್ರಿಕರು ಮಡಿದರು. ಹೆಸರಘಟ್ಟದ ನೃತ್ಯಗ್ರಾಮ ಸ್ಥಾಪಿಸಿದ ಪ್ರೋತಿಮಾ ಬೇಡಿ ಅವರಲ್ಲೊಬ್ಬರು. ಪ್ರಕೃತಿಯ ಮುನಿಸು ನಮ್ಮ ಕೈಯಲ್ಲಿಲ್ಲ. ದೇಹದ ಎಚ್ಚರಿಕೆಯನ್ನು ಆಲಿಸುವುದು ನಮ್ಮ ಕೈಯಲ್ಲಿದೆ. ತಲೆನೋವು, ವಾಕರಿಕೆ ಕಂಡರೆ ಮುಚ್ಚಿಡಬಾರದು. ವಿಶ್ರಾಂತಿಯಲ್ಲೂ ಏದುಸಿರು ನಿಲ್ಲದಿದ್ದರೆ ತಡಮಾಡದೆ ಕೆಳಗಿಳಿಯಬೇಕು. ಸರೋವರದ ದಂಡೆಯಿಂದಲೂ ಕೈಲಾಸ ಕಾಣುತ್ತದೆ. ಅಲ್ಲಿಂದಲೇ ಕೈಮುಗಿದು ಮರಳಿದರೂ ಯಾತ್ರೆ ಯಾತ್ರೆಯೇ.