ಕೀ ಕೊಡೋ ವಾಚು, ಸೆಲ್ ವಾಚು ಮತ್ತು ತುಮಕೂರಿನ ಕಾರ್ಖಾನೆ

ನಮ್ಮೂರು ಜಾವಗಲ್ ಅಂದ ತಕ್ಷಣ ಎಲ್ಲರೂ ಕೇಳೋದು ಕ್ರಿಕೆಟ್ಟಿನ ಶ್ರೀನಾಥ್ ಬಗ್ಗೆ. ಸ್ವಲ್ಪ ಓದಿಕೊಂಡವರಾದರೆ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನದ ಬಗ್ಗೆ. ಈ ಬರಹ ಎರಡರ ಬಗ್ಗೆಯೂ ಅಲ್ಲ :) ನಮ್ಮ ತಾತನ ಕಾಲದಲ್ಲಿ ಮದುವೆ ಗಂಡಿನ ಕೈಗೆ ಕಟ್ಟುತ್ತಿದ್ದ ಎಚ್‌ಎಂಟಿ ವಾಚಿನ ಬಗ್ಗೆ.

ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ, ಯಂತ್ರ ತಯಾರಿಸುವ ಯಂತ್ರಗಳಿಗಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನ ಪಡೆದು ವಾಚಿಗೆ ಕೈ ಹಾಕಿದರು. ಆಗ ವಿದೇಶಿ ವಿನಿಮಯಕ್ಕೆ ಬರ, ಆಮದಿಗೆ ಲೈಸೆನ್ಸು ಬೇಕು. ಹಾಗಾಗಿ ಬಿಡಿಭಾಗಗಳನ್ನೂ ಆದಷ್ಟು ಇಲ್ಲೇ ಮಾಡಬೇಕಿತ್ತು. ಒಂದು ಕೀ ವಾಚಿನಲ್ಲಿ ನೂರಕ್ಕೂ ಹೆಚ್ಚು ಭಾಗಗಳು. ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗು, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂ. ಅದನ್ನು ಕಲಿತದ್ದು ಸಣ್ಣ ಸಾಧನೆಯಲ್ಲ. ಕಾರ್ಖಾನೆ ಎಷ್ಟು ಮಾಡಿದರೂ ಬೇಡಿಕೆ ತೀರುತ್ತಿರಲಿಲ್ಲ, ಉಳಿದದ್ದನ್ನು ಕಳ್ಳಸಾಗಣೆಯವರು ನೋಡಿಕೊಳ್ಳುತ್ತಿದ್ದರು. ಅರಸೀಕೆರೆಯಿಂದ ಬೆಂಗಳೂರಿಗೆ ಹೋಗೋ ದಾರಿಯಲ್ಲೇ, ತುಮಕೂರಿನಲ್ಲಿ, 1978ರಲ್ಲಿ ಇನ್ನೊಂದು ವಾಚ್ ಕಾರ್ಖಾನೆ ಎದ್ದಿತು.

ಈಗ ನನ್ನಂಥ ಎಂಜಿನಿಯರುಗಳಿಗೆ ಇಷ್ಟವಾಗೋ ಭಾಗ. ಎಚ್‌ಎಂಟಿ ಜನತಾದ ಒಳಗಿನ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತೆ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಈ ಸಂಖ್ಯೆ ನೋಡಿದ ಕೂಡಲೇ ಪ್ರೋಗ್ರಾಮರ್ ಮನಸ್ಸು ಹಿಗ್ಗುತ್ತೆ, ಎರಡರ ಹದಿನೈದನೇ ಘಾತ! ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಸೆಕೆಂಡಿಗೊಂದು ಬಡಿತ. ಆ ಅರ್ಧ ಮಾಡೋ ಕೆಲಸ ಒಂದು ಸಣ್ಣ ಚಿಪ್ಪಿನದು. ಜಪಾನಿನ ಸೈಕೋ 1969ರ ಡಿಸೆಂಬರಿನಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದಲ್ಲಿ 1970ರ ಹೊತ್ತಿಗೆ ಸುಮಾರು 90,000 ಜನರಿದ್ದರು. ಎಂಬತ್ತರ ದಶಕದ ನಡುವಿಗೆ ಉಳಿದವರು 30,000ದ ಆಸುಪಾಸು.

"ಟೈಟಾನ್ ಬಂತು, ಎಚ್‌ಎಂಟಿ ನಿದ್ದೆ ಮಾಡ್ತಿತ್ತು" ಅಂತ ಎಲ್ಲರೂ ಹೇಳೋ ಕತೆ. ನನಗೆ ಅದು ಅರ್ಧ ಸತ್ಯ ಅನ್ಸುತ್ತೆ. ಎಂಬತ್ತರ ದಶಕದ ಆರಂಭದಲ್ಲೇ, ಟೈಟಾನಿಗಿಂತ ಮೊದಲೇ, ಎಚ್‌ಎಂಟಿ ಕ್ವಾರ್ಟ್ಜ್ ವಾಚು ತಂದಿತ್ತು. ಅಂದರೆ ವಿಷಯ ಗೊತ್ತಿತ್ತು. ಆದರೆ ಅಷ್ಟೊಂದು ಲೇತು, ಅಷ್ಟೊಂದು ನುರಿತ ಕೈಗಳು ಇದ್ದದ್ದೆಲ್ಲಾ ಕೀ ವಾಚಿನ ಆ ನೂರು ಭಾಗಗಳಿಗಾಗಿ. ಸೆಲ್ ವಾಚಿಗೆ ಅದರಲ್ಲಿ ಎಷ್ಟೋ ಭಾಗಗಳೇ ಬೇಡ. ಹೊಟ್ಟೆಗಿಟ್ಟ ಕಸುಬನ್ನೇ ಬೇಡ ಅನ್ನೋದು ಯಾರಿಗೆ ಸುಲಭ? ಆಮದಿಗೆ ಬಾಗಿಲು ಮುಚ್ಚಿದ್ದಾಗ ಯಾವುದು ಬಲವಾಗಿತ್ತೋ, ಅದೇ ಹೊರೆಯಾಯಿತು.

ಟಾಟಾ ಮತ್ತು ತಮಿಳುನಾಡಿನ ಟಿಡ್ಕೋ ಸೇರಿ 1984ರಲ್ಲಿ ಕಟ್ಟಿದ ಟೈಟಾನಿಗೆ ಈ ಹಳೇ ಗಂಟು ಇರಲಿಲ್ಲ. ಫ್ರಾನ್ಸಿನಿಂದ ತಂತ್ರಜ್ಞಾನ ತಂದು, ಹೊಸೂರಿನಲ್ಲಿ ಕಾರ್ಖಾನೆ ಹಾಕಿ, 1987ರಿಂದ ಕ್ವಾರ್ಟ್ಜ್ ವಾಚುಗಳನ್ನು ಚೆಂದದ ಅಂಗಡಿಗಳಲ್ಲಿ ಮಾರತೊಡಗಿದರು. 1991ರ ನಂತರ ಬಾಗಿಲು ತೆರೆಯುತ್ತಾ ಹೋಯಿತು, ಅಗ್ಗದ ವಾಚುಗಳು ಫುಟ್‌ಪಾತಿಗೂ ಬಂದವು. ಆಮೇಲೆ ಮೊಬೈಲು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಇಸ್ರೋ ಪಾಲಾಯಿತು.

ಈಗ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ವಿಸ್ಟ್ರಾನ್ ಕಟ್ಟಿದ ಕಾರ್ಖಾನೆ, 2023ರಲ್ಲಿ ಟಾಟಾ ಕೈಸೇರಿತು. ಅಲ್ಲಿ ಎಚ್‌ಎಂಟಿಯ ಲೆಕ್ಕ ತಲೆಕೆಳಗು: ಭಾಗಗಳು ಹಲವು ದೇಶಗಳಿಂದ ಬರುತ್ತವೆ, ಜೋಡಣೆ ಮಾತ್ರ ಇಲ್ಲಿ. ಎಲ್ಲೋ ಒಂದು ಕಡೆ ಚಿಪ್ಪು ನಿಂತರೆ ಇಲ್ಲೂ ಕೈ ಕಟ್ಟಿ ಕೂರಬೇಕು. ಕೋವಿಡ್ ಹೊತ್ತಿನಲ್ಲಿ ಕಾರು ಕಂಪನಿಗಳಿಗೆ ಆದದ್ದು ಅದೇ ಅಲ್ವಾ?

ನಮ್ಮ ಕಡೆ ಹಳೇ ಎಚ್‌ಎಂಟಿ ರಿಪೇರಿ ಮಾಡೋರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ನನಗೆ ಗೊತ್ತಿರೋ ಒಬ್ಬರ ಬಳಿ ಹಾರ್ಲಿಕ್ಸ್ ಬಾಟಲಿ ತುಂಬಾ ಕೆಟ್ಟುಹೋದ ವಾಚುಗಳಿವೆ. ಗಿರಾಕಿ ಬಂದಾಗ ಒಂದರ ಹೊಟ್ಟೆ ಬಿಚ್ಚಿ ಇನ್ನೊಂದಕ್ಕೆ ಹಾಕ್ತಾರೆ. ಬಾಟಲಿ ಅರ್ಧಕ್ಕೆ ಬಂದಿದೆ.